ಮಾತ್ರೆ ಬಿಟ್ಟ ಪ್ರತಿ ಸಲವೂ ಕಾರಣ ಬೇರೆಯೇ ಇತ್ತು

ಕಳೆದ ತಿಂಗಳು ನನ್ನ ವಾರದ ರಕ್ತಪರೀಕ್ಷೆಗಳು ಮುಗಿದವು. ಕ್ಲೋಜಪೀನ್ ಮಾತ್ರೆ ಆರಂಭಿಸಿದವರು ಮೊದಲ 18 ವಾರಗಳ ಕಾಲ ವಾರಕ್ಕೊಮ್ಮೆ ರಕ್ತ ಕೊಟ್ಟು ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು; ಇನ್ನು ಮುಂದೆ ತಿಂಗಳಿಗೊಮ್ಮೆ ಸಾಕು ಎಂದು ಡಾಕ್ಟರು ನನ್ನ ಫೈಲಿನಲ್ಲಿ ಬರೆದಿದ್ದಾರೆ. ನನಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿಗಳು ಕೇಳಿಸುವ, ಸುತ್ತಲಿನವರ ಮೇಲೆ ಅನುಮಾನ ಬರುವ ಮಾನಸಿಕ ಕಾಯಿಲೆ; ಕ್ಲೋಜಪೀನ್ ಅದಕ್ಕೆ ಕೊಡುವ ಔಷಧ. ಕಾಯಿಲೆ ಶುರುವಾದಲ್ಲಿಂದ ಫೈಲಿನಲ್ಲಿ ಆ ಸಾಲು ಬೀಳುವವರೆಗೆ ವರ್ಷಗಳೇ ಹಿಡಿದವು, ಆ ವರ್ಷಗಳಲ್ಲಿ ನಾನು ಹಲವು ಸಲ ಮಾತ್ರೆ ಬಿಟ್ಟಿದ್ದೇನೆ. ಮನೆಯವರು ಅದನ್ನು ಹಟ ಎಂದರು, ನೆಂಟರು ಸೋಮಾರಿತನ ಎಂದರು, ಒಬ್ಬ ಡಾಕ್ಟರು ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಎಂದು ಬರೆದು ಕೈತೊಳೆದುಕೊಂಡರು. ನಿಜವೇನೆಂದರೆ, ಬಿಟ್ಟ ಪ್ರತಿ ಸಲವೂ ಕಾರಣ ಬೇರೆ ಇತ್ತು. ಒಂದು ಕಾರಣಕ್ಕೆ ಕಂಡುಕೊಂಡ ಪರಿಹಾರ ಇನ್ನೊಂದಕ್ಕೆ ಉಪಯೋಗಕ್ಕೆ ಬರಲಿಲ್ಲ. ಇದೇ ದಾರಿಯಲ್ಲಿ ಈಗ ನಡೆಯುತ್ತಿರುವವರಿಗೆ ಮತ್ತು ಅವರ ಮನೆಯವರಿಗೆ ಅಲೆದಾಟ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಇಲ್ಲಿ ಬರುವ ಔಷಧಗಳ ಹೆಸರು ನೋಡಿ ಯಾರೂ ತಮ್ಮ ಡೋಸನ್ನು ತಾವೇ ಬದಲಿಸಿಕೊಳ್ಳಬಾರದು.

ಆಗ ನಾನು ಬೆಂಗಳೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗಲೂ ಅಲ್ಲಿಯೇ ಇದ್ದೇನೆ. ಮನೆ ಹನುಮಂತನಗರದಲ್ಲಿ, ಅಮ್ಮ, ಅಣ್ಣ ಮತ್ತು ಅತ್ತಿಗೆಯ ಜೊತೆ. ಮೊದಲು ನಿದ್ದೆ ಹೋಯಿತು. ಆಮೇಲೆ ಪಕ್ಕದ ಕೋಣೆಯಲ್ಲಿ ನನ್ನ ಬಗ್ಗೆಯೇ ಮಾತಾಡುತ್ತಿರುವುದು ಕೇಳಿಸತೊಡಗಿತು, ಕೋಣೆಯಲ್ಲಿ ಯಾರೂ ಇಲ್ಲದಿದ್ದಾಗಲೂ. ಅಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದ, ರಿಸ್ಪೆರಿಡೋನ್ ಎಂಬ ಮಾತ್ರೆ ಬರೆದುಕೊಟ್ಟರು. ನಾನು ನುಂಗಲಿಲ್ಲ. ನನಗೆ ಕಾಯಿಲೆಯೇ ಇಲ್ಲ ಎಂದೆ. ಅದು ಸುಳ್ಳಾಗಿರಲಿಲ್ಲ, ಹಟವೂ ಆಗಿರಲಿಲ್ಲ. ಕೇಳಿಸುತ್ತಿದ್ದ ದನಿ ಅಮ್ಮನ ದನಿಯಷ್ಟೇ ಸ್ಪಷ್ಟವಾಗಿತ್ತು; ಕಿವಿಯಿಂದ ಕೇಳಿದ್ದನ್ನು ನಂಬಬೇಡ ಎಂದು ಹೇಳುವವರ ಮೇಲೆಯೇ ಅನುಮಾನ ಬರುವುದು ಸಹಜವಲ್ಲವೇ. ಈ ಕಾಯಿಲೆಯ ಬಹಳಷ್ಟು ಜನರಿಗೆ ತಮಗೆ ಕಾಯಿಲೆ ಇದೆ ಎಂಬ ಅರಿವೇ ಇರುವುದಿಲ್ಲ. ಅದು ಸ್ವಭಾವದ ದೋಷವಲ್ಲ, ಕಾಯಿಲೆಯದೇ ಒಂದು ಲಕ್ಷಣ, ಏಕೆಂದರೆ ಸರಿ ಯಾವುದು ತಪ್ಪು ಯಾವುದು ಎಂದು ತೂಗಿ ನೋಡಬೇಕಾದ ಮಿದುಳಿಗೇ ಕಾಯಿಲೆ ತಟ್ಟಿರುತ್ತದೆ ಎಂದು ಬಹಳ ಕಾಲದ ನಂತರ ಒಬ್ಬ ಡಾಕ್ಟರು ನನಗೆ ವಿವರಿಸಿದರು.

ಮನೆಯಲ್ಲಿ ವಾದ ಮಾಡಿದಷ್ಟೂ ನಾನು ಬಿಗಿಯಾದೆ. ಕೊನೆಗೆ ಕೆಲಸ ಮಾಡಿದ್ದು ಅಣ್ಣನ ಒಂದು ಮಾತು. "ನಿನಗೆ ಕಾಯಿಲೆ ಇದೆಯೋ ಇಲ್ಲವೋ ಆ ಮಾತು ಬಿಡು ಪುಟ್ಟಿ. ನಿದ್ದೆ ಬರ್ತಿಲ್ಲ ಅಂತ ನೀನೇ ಹೇಳ್ತಿದ್ದೀಯಲ್ಲ, ನಿದ್ದೆಗೆ ಅಂತ ತಗೋ" ಎಂದ. ನಿದ್ದೆ ಇಲ್ಲದ ಸಂಕಟವನ್ನು ನಾನು ಒಪ್ಪಿಕೊಂಡಿದ್ದೆ, ಆದ್ದರಿಂದ ಮಾತ್ರೆಯನ್ನೂ ಒಪ್ಪಿಕೊಂಡೆ. ಮನೆಯವರಿಗೆ ನನ್ನ ಮೊದಲ ಕೋರಿಕೆ ಇದು: ಕಾಯಿಲೆಯ ಹೆಸರನ್ನು ಒಪ್ಪಿಸಲು ಹೊರಡಬೇಡಿ. ಕಾಯಿಲೆಯಾದವರು ತಾವಾಗಿಯೇ ಹೇಳಿಕೊಳ್ಳುವ ಕಷ್ಟ ಯಾವುದಾದರೂ ಇದ್ದೇ ಇರುತ್ತದೆ, ನಿದ್ದೆ, ಹೆದರಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಹೀಗೆ ಏನೋ ಒಂದು. ಅದನ್ನು ಹಿಡಿದು ಮಾತಾಡಿ.

ಎರಡನೆಯ ಕಾರಣ ಆ ಮಾತ್ರೆಯೊಳಗೇ ಇತ್ತು. ಕೆಲವು ವಾರಗಳಲ್ಲಿ ದನಿಗಳು ಸ್ವಲ್ಪ ದೂರ ಸರಿದವು, ನಿಜ. ಆದರೆ ಕೈ ಬಿಗಿಯಾಯಿತು. ಲೆಡ್ಜರಿನಲ್ಲಿ ನಾನು ಬರೆದ ಅಂಕಿಗಳು ಪುಟ ಕೆಳಗಿಳಿದಂತೆ ಸಣ್ಣದಾಗುತ್ತಾ ಹೋಗಿ ಕೊನೆಯ ಸಾಲಿನಲ್ಲಿ ಆರು ಯಾವುದು ಸೊನ್ನೆ ಯಾವುದು ತಿಳಿಯದಂತಾಗುತ್ತಿತ್ತು. ಕುಳಿತರೆ ಕಾಲು ನಿಲ್ಲದು, ಎದ್ದು ಓಡಾಡಬೇಕು, ಓಡಾಡಿದರೂ ಸಮಾಧಾನವಿಲ್ಲ. ಹೊರಗಿನವರಿಗೆ ಇದು ಚಡಪಡಿಕೆಯಂತೆ ಕಾಣುತ್ತದೆ, ಒಳಗೆ ಅದು ಹಿಂಸೆ. ಇವೆಲ್ಲದರ ಜೊತೆಗೆ ತಿಂಗಳ ಮುಟ್ಟು ನಿಂತುಹೋಯಿತು. ಈ ಗುಂಪಿನ ಕೆಲವು ಔಷಧಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುವುದರಿಂದ ಹೀಗಾಗುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಔಷಧ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಯಾರೋ ನನಗೆ ವಿಷ ಹಾಕುತ್ತಿದ್ದಾರೆ ಎಂಬ ಭಯ ಆಗಲೇ ನನ್ನೊಳಗಿತ್ತು. ಮೈಯಲ್ಲಿ ಆದ ಈ ಬದಲಾವಣೆ ಆ ಭಯಕ್ಕೆ ಸಾಕ್ಷಿ ಹೇಳಿದಂತಾಯಿತು. ಸಂಕೋಚದಿಂದ ಅಣ್ಣನ ಎದುರು ಡಾಕ್ಟರಿಗೆ ಹೇಳಲಾಗಲಿಲ್ಲ. ಮಾತ್ರೆ ನಿಂತಿತು.

ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಫಾಲೋ ಅಪ್‌ಗೆ ಹೋದಾಗ "ಐದು ನಿಮಿಷ ಒಬ್ಬಳೇ ಮಾತಾಡಬೇಕು" ಎಂದು ಕೇಳಿ. ಕೇಳುವುದು ಕಷ್ಟವಾದರೆ ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲಿಡಿ. ಮುಟ್ಟು ನಿಂತದ್ದು, ಎದೆಯಿಂದ ಹಾಲು ಬಂದದ್ದು, ತೂಕ ಏರಿದ್ದು, ಕೈ ನಡುಗುವುದು, ಯಾವುದನ್ನೂ ಸಣ್ಣದು ಎಂದು ಬಿಡಬೇಡಿ. ಬಿಗಿತ ಮತ್ತು ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಜೊತೆಗೆ ಕೊಡುತ್ತಾರೆ, ಅಥವಾ ಡೋಸು ಇಳಿಸುತ್ತಾರೆ. ದಾರಿಗಳಿವೆ, ಆದರೆ ಹೇಳಿದರೆ ಮಾತ್ರ ಅವು ತೆರೆಯುತ್ತವೆ.

ಮುಂದಿನದನ್ನು ಬರೆಯುವಾಗ ಅಮ್ಮನ ಒಪ್ಪಿಗೆ ಕೇಳಿದ್ದೇನೆ; "ಬರಿ, ಇನ್ನೊಬ್ಬ ತಾಯಿ ಹಾಗೆ ಮಾಡೋದು ಬೇಡ" ಎಂದಳು. ನಾನು ನುಂಗುತ್ತಿಲ್ಲವೆಂದು ತಿಳಿದ ಮೇಲೆ ದಿಕ್ಕು ತೋಚದೆ ಅವಳು ಮಾತ್ರೆಯನ್ನು ಅರೆದು ಬೆಳಗಿನ ಕಾಫಿಯಲ್ಲಿ ಬೆರೆಸತೊಡಗಿದ್ದಳು. ಒಂದು ದಿನ ಸ್ಟೀಲ್ ಲೋಟ ಬರಿದಾದಾಗ ತಳದಲ್ಲಿ ಕಾಫಿಯ ಗಸಿಯ ನಡುವೆ ಬಿಳಿಯ ಹರಳಿನಂಥ ಚೂರು ಅಂಟಿಕೊಂಡಿತ್ತು. ಬೆರಳಿನಿಂದ ತೆಗೆದು ನಾಲಿಗೆಗೆ ಮುಟ್ಟಿಸಿದೆ, ಕಹಿಯಾಗಿತ್ತು. ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು, ಮಾತಾಡಲಿಲ್ಲ. ನನ್ನ ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ದನಿಗಳು ತಿಂಗಳುಗಟ್ಟಲೆ ಹೇಳುತ್ತಿದ್ದವು, ಈಗ ಅದು ನನ್ನ ಕಣ್ಣೆದುರೇ ನಿಜವಾಯಿತು. ಅಂದಿನಿಂದ ಮನೆಯ ಅನ್ನ ಬಿಟ್ಟು ಬರೀ ಬಾಳೆಹಣ್ಣು ಮತ್ತು ಸೀಲು ಒಡೆಯದ ಬಿಸ್ಕತ್ತಿನ ಮೇಲೆ ಬದುಕಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಾರಿನಲ್ಲೋ ಹಾಲಿನಲ್ಲೋ ಬೆರೆಸಿ ಕೊಡುತ್ತಾರೆಂದು ಆಮೇಲೆ ವಾರ್ಡಿನಲ್ಲಿ ಬೇರೆ ತಾಯಂದಿರಿಂದ ತಿಳಿಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗುಟ್ಟು ಬಯಲಾದ ದಿನ ಮಾತ್ರೆಯ ಜೊತೆಗೆ ಊಟ, ನಂಬಿಕೆ, ತಾಯಿ ಎಲ್ಲವೂ ದೂರವಾಗುತ್ತವೆ. ನುಂಗಿಸುವುದೇ ಕಷ್ಟವಾದರೆ ಅದನ್ನು ಡಾಕ್ಟರಿಗೆ ಹೇಳಿ. ಬಾಯಲ್ಲಿ ಕರಗುವ ಮಾತ್ರೆ, ದ್ರವರೂಪದ ಔಷಧ, ಇಂಜೆಕ್ಷನ್ ಎಲ್ಲವೂ ಇವೆ.

ಅಲ್ಲಿಂದ ಆಸ್ಪತ್ರೆ ಸೇರುವವರೆಗೆ ಬಹಳ ದಿನ ಬೇಕಾಗಲಿಲ್ಲ. ಈ ದಾಖಲಾತಿ ನನ್ನ ಇಚ್ಛೆಗೆ ವಿರುದ್ಧವಾಗಿ ನಡೆಯಿತು, ಆದ್ದರಿಂದ ಕಾನೂನು ತಿಳಿದಿರುವುದು ಒಳ್ಳೆಯದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೆಯ ಕಲಮಿನಂತೆ, ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಅವರ ನಾಮನಿರ್ದೇಶಿತ ಪ್ರತಿನಿಧಿ (ಅವರ ಪರವಾಗಿ ಮಾತಾಡಲು ನೇಮಕವಾದವರು) ಅರ್ಜಿ ಕೊಟ್ಟರೆ, ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ, ಗರಿಷ್ಠ 30 ದಿನ ದಾಖಲಿಸಿಕೊಳ್ಳಬಹುದು. ಆ ಇಬ್ಬರಲ್ಲಿ ಒಬ್ಬರು ಮನೋವೈದ್ಯರಾಗಿರಲೇಬೇಕು. ದಾಖಲಾದವರು ಹೆಂಗಸಾದರೆ 3 ದಿನದೊಳಗೆ ಆಸ್ಪತ್ರೆ ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಪ್ರತಿನಿಧಿಯನ್ನು ಮುಂಚೆಯೇ ನೇಮಿಸಿಕೊಳ್ಳಲು ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು. ಚೆನ್ನಾಗಿರುವಾಗಲೇ ಈ ಕೆಲಸ ಮಾಡಿಟ್ಟುಕೊಳ್ಳಿ. ನಾನು ಆಮೇಲೆ ಅಣ್ಣನ ಹೆಸರು ಬರೆದುಕೊಟ್ಟೆ. ಯಾರು ನನ್ನ ಪರವಾಗಿ ಮಾತಾಡುತ್ತಾರೆ ಎಂಬುದು ನನ್ನದೇ ಆಯ್ಕೆ ಎಂದು ತಿಳಿದಾಗ ಮನಸ್ಸಿಗೆ ಬಂದ ಧೈರ್ಯ ದೊಡ್ಡದು.

ಖರ್ಚಿನ ವಿಚಾರ. ನಮ್ಮದು ಬಿಪಿಎಲ್ ಕಾರ್ಡ್ ಅಲ್ಲವಾದ್ದರಿಂದ ವಾರ್ಡಿನ ಬಾಡಿಗೆ, ಔಷಧ, ಪರೀಕ್ಷೆಗಳಿಗೆ ನಾವೇ ಕಟ್ಟಬೇಕಾಯಿತು. ಅಣ್ಣನ ಕಚೇರಿಯ ಆರೋಗ್ಯ ವಿಮೆಯ ಕಂಪನಿ "ಮಾನಸಿಕ ಕಾಯಿಲೆ ಪಾಲಿಸಿಯಲ್ಲಿ ಬರುವುದಿಲ್ಲ" ಎಂದು ಕ್ಲೇಮನ್ನು ತಿರಸ್ಕರಿಸಿತು. ಅದೇ ಕಾಯ್ದೆಯ 21ನೆಯ ಕಲಮಿನಂತೆ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಅಣ್ಣ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟ. 30 ದಿನ ಕಳೆದರೂ ಉತ್ತರ ಬರದಿದ್ದಾಗ ಜಯನಗರಕ್ಕೆ ಅಂಟಿಕೊಂಡ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಕಚೇರಿಗೆ ಹೋದ. ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ, ತಿರಸ್ಕಾರ ಪತ್ರ, ಪಾಲಿಸಿಯ ಪ್ರತಿ, ಈ ನಾಲ್ಕನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ. ಡಿಸ್ಚಾರ್ಜ್ ಸಾರಾಂಶವನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು, ಯಾವ ಔಷಧವನ್ನು ಎಷ್ಟು ಕಾಲ ಎಷ್ಟು ಡೋಸಿನಲ್ಲಿ ಕೊಟ್ಟರು ಎಂಬ ವಿವರ ಅದರಲ್ಲಿರಲೇಬೇಕು. ಮುಂದೆ ಕ್ಲೋಜಪೀನ್‌ನ ಪ್ರಶ್ನೆ ಬಂದಾಗ ನನ್ನನ್ನು ಕಾಪಾಡಿದ್ದು ಆ ಕಾಗದವೇ.

ವಾರ್ಡಿನಲ್ಲಿ ಔಷಧ ಬದಲಾಗಿ ಓಲಾಂಜಪೀನ್ ಬಂತು. ಮುಟ್ಟು ಮರಳಿತು, ಕೈ ಸಡಿಲವಾಯಿತು, ದನಿಗಳು ತಗ್ಗಿದವು. ನಾನು ಮತ್ತೆ ಸಂಘದ ಕೆಲಸಕ್ಕೆ ಹೋದೆ. ಈ ಮಾತ್ರೆಗೆ ಬೇರೆ ಬೆಲೆ ತೆರಬೇಕಿತ್ತು: ರಾತ್ರಿ ಅಡುಗೆಮನೆಗೆ ಎಳೆದೊಯ್ಯುವ ಹಸಿವು, ಬೆಳಿಗ್ಗೆ ಏಳಲಾಗದ ಮಂಪರು, ಹಳೆಯ ರವಿಕೆಗಳು ಒಂದೂ ಹಿಡಿಸದಷ್ಟು ತೂಕ. ಆದರೂ ನುಂಗಿದೆ. ಬಿಟ್ಟದ್ದು ಆಮೇಲೆ, ಚೆನ್ನಾಗಿದ್ದೇನೆ ಅನ್ನಿಸಿದಾಗ.

ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸುವುದು ಎಲ್ಲರ ರೂಢಿ. "ಇನ್ನೂ ಎಷ್ಟು ವರ್ಷ ಅಂತ ನುಂಗ್ತೀಯೇ, ಕಿಡ್ನಿ ಹಾಳಾಗುತ್ತೆ" ಎಂದು ಚಿಕ್ಕಮ್ಮ ಎಂದರು. ಅದೇ ಹೊತ್ತಿಗೆ ಮದುವೆಯ ಮಾತು ಬಂತು. ಗಂಡಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ನನ್ನ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ವಿಟಮಿನ್ ಡಬ್ಬಿಯಲ್ಲಿ ತುಂಬಿ ದೇವರ ಮನೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಬಚ್ಚಿಡಬೇಕಾದ ವಸ್ತುವನ್ನು ದಿನಾ ತೆಗೆದು ನುಂಗುವುದಕ್ಕೆ ಮನಸ್ಸು ಹೇಗೆ ಬಂದೀತು? ಹೀಗೆ ಆ ಸಲ ಮಾತ್ರೆ ನಿಂತಿತು. ನಿಂತ ಮರುದಿನ ಏನೂ ಆಗಲಿಲ್ಲ. ಮರುವಾರವೂ ಆಗಲಿಲ್ಲ. ಮಂಪರು ಹೋಯಿತು, ಹಸಿವು ತಗ್ಗಿತು, ತಲೆ ಹಗುರಾಯಿತು. ಮಾತ್ರೆಯೇ ನನ್ನ ಕಾಯಿಲೆಯಾಗಿತ್ತು ಎನ್ನಿಸಿತು. ಈ ಕಾಯಿಲೆಯ ಮೋಸವಿರುವುದು ಇಲ್ಲಿಯೇ. ಮಾತ್ರೆ ಬಿಟ್ಟರೆ ಸಿಗುವ ಸುಖ ವಾರದೊಳಗೆ ಬರುತ್ತದೆ, ಅದರ ಕೆಡುಕು ಬರಲು ತಿಂಗಳುಗಳು ಹಿಡಿಯಬಹುದು. ಆ ಹೊತ್ತಿಗೆ ಎರಡಕ್ಕೂ ಇರುವ ನಂಟು ಕಾಣುವುದಿಲ್ಲ, ಕಾಣಬೇಕಾದ ಅರಿವೂ ಮಸುಕಾಗಿರುತ್ತದೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದರ ಪ್ರಕಾರ, ಸುಮಾರು ಒಂದು ವರ್ಷದಲ್ಲಿ ಔಷಧ ಮುಂದುವರಿಸಿದವರಲ್ಲಿ ಶೇ. 27ರಷ್ಟು ಜನರಿಗೆ ಕಾಯಿಲೆ ಮರುಕಳಿಸಿದರೆ, ಔಷಧದ ಬದಲು ಬರಿಯ ಹುಸಿಮಾತ್ರೆ ಪಡೆದವರಲ್ಲಿ ಶೇ. 64ರಷ್ಟು ಜನರಿಗೆ ಮರುಕಳಿಸಿತ್ತು. ನನಗೂ ಮರುಕಳಿಸಿತು, ಮದುವೆಯ ಮಾತು ಅಲ್ಲಿಗೆ ಮುರಿಯಿತು.

ದೊಡ್ಡ ಕಾರಣಗಳ ನಡುವೆ ಸಣ್ಣವೂ ಇದ್ದವು, ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮರೆವು ಅವುಗಳಲ್ಲೊಂದು, ಈ ಕಾಯಿಲೆ ನೆನಪಿನ ಶಕ್ತಿಯನ್ನೂ ಮಾಡಬೇಕಾದ್ದನ್ನು ಜೋಡಿಸಿಕೊಳ್ಳುವ ಶಕ್ತಿಯನ್ನೂ ಕುಗ್ಗಿಸುತ್ತದೆ, ಹೀಗಿರುವಾಗ ದಿನಕ್ಕೆ ಮೂರು ಹೊತ್ತು ನುಂಗಿ ಎನ್ನುವ ಚೀಟಿ ಪಾಲಿಸುವುದು ಸುಲಭವಲ್ಲ. ಸಾಧ್ಯವಿದ್ದರೆ ರಾತ್ರಿ ಒಂದೇ ಹೊತ್ತಿಗೆ ತರಲಾಗುವುದೇ ಎಂದು ಕೇಳಿ. ಇನ್ನೊಂದು, ಮಾತ್ರೆಯ ಬಣ್ಣ. ಮೆಡಿಕಲ್ ಶಾಪ್‌ನಲ್ಲಿ ಒಂದು ತಿಂಗಳು ಬಿಳಿ ಮಾತ್ರೆ, ಮರುತಿಂಗಳು ಬೇರೆ ಕಂಪನಿಯ ಹಳದಿ ಮಾತ್ರೆ ಕೊಟ್ಟರು. ಒಳಗಿನ ಔಷಧ ಒಂದೇ. ಆದರೆ ಅನುಮಾನವೇ ಕಾಯಿಲೆಯ ಮುಖ್ಯ ಲಕ್ಷಣವಾಗಿರುವವರ ಕೈಗೆ ಬಣ್ಣ ಬದಲಾದ ಮಾತ್ರೆ ಬಂದರೆ ಏನಾಗುತ್ತದೆ ಎಂದು ಊಹಿಸಿ. ಈಗ ಅಣ್ಣ ಸ್ಟ್ರಿಪ್ಪಿನ ಹಿಂದೆ ಮುದ್ರಿಸಿರುವ ಔಷಧದ ಹೆಸರನ್ನು ನನಗೆ ತೋರಿಸಿ, ಹಳೆಯ ಸ್ಟ್ರಿಪ್ಪಿನ ಪಕ್ಕದಲ್ಲಿಟ್ಟು ಓದಿಸುತ್ತಾನೆ. ಚೀಟಿಯ ಅವಧಿ ಮುಗಿದರೆ ಅಂಗಡಿಯವರು ಕೊಡುವುದಿಲ್ಲ, ಆದ್ದರಿಂದ ಮುಗಿಯುವ ವಾರಕ್ಕೆ ಮುಂಚೆಯೇ ಹೊಸ ಚೀಟಿ ಬರೆಸಿಕೊಳ್ಳಿ. ರಿಸ್ಪೆರಿಡೋನ್, ಓಲಾಂಜಪೀನ್‌ನಂಥ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಊರಿನ ಕಡೆಯವರು ಪ್ರತಿ ತಿಂಗಳೂ ಬೆಂಗಳೂರಿಗೆ ಬರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗಳಿಗೆಂದೇ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ವಿಚಾರಿಸಿ.

ದಾರಿ ತಿರುಗಿದ್ದು ಒಂದು ಪ್ರಶ್ನೆಯಿಂದ. ಅಲ್ಲಿಯವರೆಗೆ ಎಲ್ಲರೂ "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಕೇಳುತ್ತಿದ್ದರು, ನಾನು "ಹೂಂ" ಎನ್ನುತ್ತಿದ್ದೆ. ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಫೈಲು ಮುಚ್ಚಿಟ್ಟು, "ಕಳೆದ ವಾರ ಎಷ್ಟು ಸಲ ತಪ್ಪಿತು? ಎಲ್ಲರಿಗೂ ತಪ್ಪುತ್ತೆ, ಹೇಳಿ ಪರವಾಗಿಲ್ಲ" ಎಂದರು. ತಪ್ಪುವುದು ಸಹಜ ಎಂದು ಮೊದಲೇ ಒಪ್ಪಿಕೊಂಡು ಕೇಳಿದ ಆ ಪ್ರಶ್ನೆಗೆ ನಾನು ನಿಜ ಹೇಳಿದೆ. 2005ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 1,500 ರೋಗಿಗಳನ್ನು ನೋಡಿದ ಕೇಟೀ ಎಂಬ ಅಧ್ಯಯನದಲ್ಲಿ ಶೇ. 74ರಷ್ಟು ಜನ 18 ತಿಂಗಳು ಮುಗಿಯುವ ಮೊದಲೇ ಆರಂಭದ ಔಷಧವನ್ನು ನಿಲ್ಲಿಸಿದ್ದರು ಎಂದು ಅವರೇ ಹೇಳಿದರು. ನೂರಕ್ಕೆ ಎಪ್ಪತ್ತನಾಲ್ಕು ಜನ ಹಟಮಾರಿಗಳಾಗಿರಲು ಸಾಧ್ಯವಿಲ್ಲವಷ್ಟೆ. ಆ ದಿನ ನಾನು ಅತ್ತೆ, ಬಹಳ ಕಾಲದ ನಂತರ.

ಅವರ ಮುಂದೆ ಒಂದು ತೊಡಕಿತ್ತು. ನನಗೆ ದನಿಗಳು ಪೂರ್ತಿ ಎಂದೂ ನಿಂತಿರಲಿಲ್ಲ. ಎರಡು ಔಷಧಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೋಜಪೀನ್ ಕೊಡುವುದು ರೂಢಿ. ಆದರೆ ಔಷಧ ನನ್ನ ಮೇಲೆ ಕೆಲಸ ಮಾಡಲಿಲ್ಲವೋ, ಅಥವಾ ಅದು ನನ್ನ ಹೊಟ್ಟೆಗೇ ಸರಿಯಾಗಿ ಹೋಗಿರಲಿಲ್ಲವೋ? ಇದನ್ನು ತಿಳಿಯದೆ ಮುಂದೆ ಹೋಗಲಾಗದು. ಇದಕ್ಕೆ ಅವರು ಸೂಚಿಸಿದ್ದು ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್. ಹೊಸ ಪೀಳಿಗೆಯ ಪಾಲಿಪೆರಿಡೋನ್ ತಿಂಗಳಿಗೊಮ್ಮೆ ಕೊಡುವಂಥದ್ದು, ಆದರೆ ದುಬಾರಿ, ಜೊತೆಗೆ ಅದು ರಿಸ್ಪೆರಿಡೋನ್‌ನ ಸೋದರ. ನಮಗೆ ಎಟುಕಿದ್ದು ಹಳೆಯ, ಅಗ್ಗದ ಫ್ಲೂಫೆನಜೀನ್ ಡೆಕನೊಯೇಟ್. ಇದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧ; ಎಣ್ಣೆಯಿಂದ ನಿಧಾನವಾಗಿ ಬಿಡುಗಡೆಯಾಗುವುದರಿಂದ ಎರಡು ವಾರಕ್ಕೊಮ್ಮೆ ಸಾಕು. ಎಳ್ಳು ಒಗ್ಗದವರು ಮುಂಚೆಯೇ ಹೇಳಬೇಕು. ಮೊದಲು 12.5 ಮಿಲಿಗ್ರಾಂ ಪರೀಕ್ಷಾ ಡೋಸ್ ಕೊಟ್ಟು ನೋಡಿದರು. ಮುಟ್ಟಿನ ತೊಂದರೆ ಮತ್ತೆ ಬರಬಹುದು, ಬಿಗಿತವೂ ಬರಬಹುದು, ಕೆಲವು ತಿಂಗಳು ಮಾತ್ರ ಎಂದು ಈ ಸಲ ಮುಂಚೆಯೇ ತಿಳಿಸಿದರು, ಬಿಗಿತಕ್ಕೆ ಮಾತ್ರೆಯನ್ನೂ ಕೊಟ್ಟರು. ಬಿಗಿತ ಬಂತು, ಆದರೆ ಬರುತ್ತದೆಂದು ಗೊತ್ತಿದ್ದ ಕಷ್ಟ ನನ್ನನ್ನು ಹೆದರಿಸಲಿಲ್ಲ.

ಇಂಜೆಕ್ಷನ್ ಕೋಣೆಯ ಸಿಸ್ಟರ್ ಪ್ರತಿ ಸಲವೂ ಸೂಜಿ ಚುಚ್ಚುವ ಮುನ್ನ ಔಷಧದ ಶೀಷೆಯನ್ನು ನನ್ನ ಕೈಗೆ ಕೊಟ್ಟು ಹೆಸರು ಓದಲು ಹೇಳುತ್ತಿದ್ದರು. ಎಣ್ಣೆ ಗಟ್ಟಿಯಾದ್ದರಿಂದ ನಿಧಾನವಾಗಿ ಒಳಗೆ ಹೋಗುತ್ತದೆ, ಸೊಂಟದ ಕೆಳಗೆ ಎರಡು ದಿನ ನೋವಿರುತ್ತದೆ. ಈ ಚಿಕಿತ್ಸೆಯ ದೊಡ್ಡ ಲಾಭ ನನಗೆ ಆಸ್ಪತ್ರೆಯಲ್ಲಿ ಸಿಗಲಿಲ್ಲ, ಮನೆಯಲ್ಲಿ ಸಿಕ್ಕಿತು. "ಮಾತ್ರೆ ತಗೊಂಡ್ಯೇನೇ?" ಎಂಬ ಅಮ್ಮನ ದಿನನಿತ್ಯದ ಪ್ರಶ್ನೆ ನಿಂತಿತು. ನಾವಿಬ್ಬರೂ ಬೇರೆ ವಿಷಯ ಮಾತಾಡತೊಡಗಿದೆವು, ನಾನು ಅವಳ ಕೈಯ ಕಾಫಿ ಮತ್ತೆ ಕುಡಿಯತೊಡಗಿದೆ. ಆದರೆ ದನಿಗಳು ಹೋಗಲಿಲ್ಲ. ಔಷಧ ತಪ್ಪದೆ ಮೈ ಸೇರಿದೆ, ಆದರೂ ಕಾಯಿಲೆ ಉಳಿದಿದೆ ಎಂಬುದು ಈಗ ಕಾಗದದ ಮೇಲೆ ಖಚಿತವಾಗಿತ್ತು. ಹಿಂದಿನ ಡಿಸ್ಚಾರ್ಜ್ ಸಾರಾಂಶದಲ್ಲಿದ್ದ ಓಲಾಂಜಪೀನ್‌ನ ಡೋಸು ಮತ್ತು ವಾರಗಳ ವಿವರವನ್ನೂ ಸೇರಿಸಿ ಡಾಕ್ಟರಮ್ಮ ಕ್ಲೋಜಪೀನ್‌ಗೆ ಶಿಫಾರಸು ಮಾಡಿದರು. ನನ್ನ ತಪ್ಪಲ್ಲ ಎಂದು ಒಬ್ಬರು ಬರವಣಿಗೆಯಲ್ಲಿ ಕೊಟ್ಟಂತೆ ನನಗನ್ನಿಸಿತು.

ಕ್ಲೋಜಪೀನ್ ಹೆಸರು ಕೇಳಿ ಅಣ್ಣ ಹೆದರಿದ್ದ. ಅದಕ್ಕೆ ಕಾರಣವಿದೆ: 1975ರಲ್ಲಿ ಫಿನ್‌ಲೆಂಡಿನಲ್ಲಿ ಈ ಔಷಧ ಪಡೆದ ಕೆಲವರಲ್ಲಿ ಬಿಳಿ ರಕ್ತಕಣಗಳು ಕುಸಿದು ಸಾವುಗಳಾದವು, ಹಲವು ದೇಶಗಳು ಅದನ್ನು ಹಿಂತೆಗೆದುಕೊಂಡವು. 1988ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ ಅದನ್ನು ಮರಳಿ ತಂದಿತು. ಬೇರೆ ಔಷಧಗಳಿಗೆ ಬಗ್ಗದ ರೋಗಿಗಳಲ್ಲಿ ಶೇ. 30ರಷ್ಟು ಜನ ಇದರಿಂದ ಸುಧಾರಿಸಿದ್ದರು, ಹೋಲಿಕೆಗೆ ಕೊಟ್ಟ ಹಳೆಯ ಔಷಧದಲ್ಲಿ ಸುಧಾರಿಸಿದವರು ಶೇ. 4 ಮಾತ್ರ. ರಕ್ತಕಣ ಕುಸಿಯುವ ಅಪಾಯ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ, ಅದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಬರುವುದರಿಂದ ವಾರದ ಪರೀಕ್ಷೆ. ಈ ಸಲ ನಾನೇ ಸಹಿ ಮಾಡಿ, 2017ರ ಅದೇ ಕಾಯ್ದೆಯ 86ನೆಯ ಕಲಮಿನಂತೆ ಸ್ವತಂತ್ರವಾಗಿ ದಾಖಲಾದೆ. ಇಸಿಜಿ, ರಕ್ತಕಣ, ಸಕ್ಕರೆ, ಕೊಬ್ಬು ಎಲ್ಲ ನೋಡಿ 12.5 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲನೆ ಏರಿಸಿದರು. ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತೀರಿ ಎಂದು ಡಾಕ್ಟರಮ್ಮ ಕೇಳಿದಾಗ ಮೊದಲು ಅರ್ಥವಾಗಲಿಲ್ಲ. ಕಾಫಿ ಈ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಬೀಡಿ ಸಿಗರೇಟಿನ ಹೊಗೆ ಇಳಿಸುತ್ತದೆ. ಕಾಫಿ ಬಿಡಬೇಕಾಗಿಲ್ಲ, ಆದರೆ ದಿನವೂ ಒಂದೇ ಪ್ರಮಾಣದಲ್ಲಿರಲಿ ಎಂದರು. ರಾತ್ರಿ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತದೆ, ದಿಂಬಿನ ಮೇಲೆ ಟವೆಲ್ ಹಾಸಿಕೊಳ್ಳಿ. ಮಲಬದ್ಧತೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ; ಈ ಔಷಧದಲ್ಲಿ ಅದು ಪ್ರಾಣಕ್ಕೇ ಕುತ್ತಾಗಬಹುದು, ಎರಡು ದಿನ ಹೋಗದಿದ್ದರೆ ಡಾಕ್ಟರಿಗೆ ತಿಳಿಸಿ.

ವಾರದ ಪರೀಕ್ಷೆಯ ಬಗ್ಗೆ ಒಂದಿಷ್ಟು. ರಕ್ತಕಣದ ಎಣಿಕೆಗೆ ಖಾಲಿ ಹೊಟ್ಟೆ ಬೇಡ, ತಿಂಡಿ ತಿಂದು ಹೋಗಬಹುದು. ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆ ಇದ್ದ ದಿನ ಮಾತ್ರ ಖಾಲಿ ಹೊಟ್ಟೆ. ನಾನು ಬೆಳಿಗ್ಗೆ ಬಡಾವಣೆಯ ಲ್ಯಾಬ್‌ನಲ್ಲಿ ರಕ್ತ ಕೊಟ್ಟು ಕೆಲಸಕ್ಕೆ ಹೋಗಿ ಸಂಜೆ ವರದಿ ಪಡೆಯುತ್ತಿದ್ದೆ, ಪ್ರತಿ ಸಲ 300 ರೂಪಾಯಿ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಅದಕ್ಕಿಂತ ಕಡಿಮೆ, ಆದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚು ಇರಲಿಲ್ಲ. ಒಂದು ಲ್ಯಾಬ್ ಒಟ್ಟು ಬಿಳಿಕಣಗಳ ಸಂಖ್ಯೆ ಮಾತ್ರ ಕೊಟ್ಟು ಅವುಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣಗಳ ಲೆಕ್ಕ ಬಿಟ್ಟಿತ್ತು, ಆ ವಾರ ಮತ್ತೆ ರಕ್ತ ಕೊಡಬೇಕಾಯಿತು. ಕೊಡುವಾಗಲೇ ನ್ಯೂಟ್ರೋಫಿಲ್ ಸಂಖ್ಯೆ ಬೇಕೆಂದು ಹೇಳಿ. ಜ್ವರ ಅಥವಾ ಗಂಟಲುನೋವು ಬಂದರೆ ವಾರದ ದಿನಕ್ಕಾಗಿ ಕಾಯದೆ ಅಂದೇ ಪರೀಕ್ಷೆ ಮಾಡಿಸಬೇಕು. ನನಗೊಮ್ಮೆ ಜ್ವರ ಬಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದೆವು, ವರದಿ ಸರಿಯಾಗಿತ್ತು.

ದಸರಾ ರಜೆಯಲ್ಲಿ ಎದುರಾದ ಅಡ್ಡಿಯನ್ನು ಹೇಳಲೇಬೇಕು. ಮೆಡಿಕಲ್ ಶಾಪ್‌ಗೆ 100 ಮಿಲಿಗ್ರಾಂ ಮಾತ್ರೆ ಬಂದಿರಲಿಲ್ಲ, ಆಯುಧಪೂಜೆಗೆ ಹೋಲ್‌ಸೇಲ್ ಅಂಗಡಿಗಳೂ ಮುಚ್ಚಿದ್ದವು. ಕ್ಲೋಜಪೀನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನು ಹಾಗೆಯೇ ನುಂಗುವಂತಿಲ್ಲ, ಮತ್ತೆ 12.5ರಿಂದ ಶುರು ಮಾಡಬೇಕು. ಇಲ್ಲವಾದರೆ ರಕ್ತದೊತ್ತಡ ಕುಸಿದು ಬೀಳಬಹುದು. ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆವು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕರೆ ತೆಗೆದುಕೊಂಡಾಕೆ ಗಾಬರಿಯಾಗಬೇಡಿ ಎಂದು, ಕೊನೆಯ ಮಾತ್ರೆ ನುಂಗಿದ ಗಂಟೆಯನ್ನು ಬರೆದಿಟ್ಟುಕೊಳ್ಳಲು ಹೇಳಿ, ದೊಡ್ಡ ಆಸ್ಪತ್ರೆಯ ಫಾರ್ಮಸಿಗೆ ಬೆಳಿಗ್ಗೆಯೇ ಹೋಗಲು ಸೂಚಿಸಿದರು. ಅಲ್ಲಿ ಸಿಕ್ಕಿತು, ಗಡುವಿನೊಳಗೇ.

ಈಗ ದನಿಗಳು ಇಲ್ಲವೆಂದಲ್ಲ, ಆದರೆ ದೂರದ ರೇಡಿಯೋದಷ್ಟೇ. ಲೆಕ್ಕ ಬರೆಯುವಾಗ ಅವನ್ನು ಬಿಟ್ಟು ಮುಂದೆ ಹೋಗಬಲ್ಲೆ. ಮಾತ್ರೆಯ ಡಬ್ಬಿ ಅಟ್ಟದಿಂದ ಇಳಿದು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಇದೆ, ಬಂದವರು ಕೇಳಿದರೆ ನನ್ನ ಮಾತ್ರೆ ಎನ್ನುತ್ತೇನೆ. ತಪ್ಪಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಏಕೆ ತಪ್ಪಿತು ಎಂದು ಒಂದು ಪದ ಬರೆಯುತ್ತೇನೆ, ಫಾಲೋ ಅಪ್‌ನಲ್ಲಿ ಡಾಕ್ಟರಮ್ಮ ಮೊದಲು ನೋಡುವುದು ಆ ಪದಗಳನ್ನೇ. ಒಂದು ವಾರದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರುತ್ತದೆ, ಅದರಲ್ಲಿ ಎರಡು ದಿನದ್ದು ನನ್ನ ಕೈಚೀಲದಲ್ಲಿ, ಔಷಧದ ಹೆಸರು, ಡೋಸು, ಅಣ್ಣನ ಫೋನ್ ನಂಬರು ಬರೆದ ಚೀಟಿಯ ಜೊತೆ. ವಿಮೆಯ ದೂರು ಇನ್ನೂ ಓಂಬುಡ್ಸ್‌ಮನ್ ಮುಂದಿದೆ. ಮುಂದಿನ ರಕ್ತಪರೀಕ್ಷೆ ಬರುವ ತಿಂಗಳ ಮೊದಲ ವಾರ, ಅದರ ಜೊತೆ ಸಕ್ಕರೆಯನ್ನೂ ನೋಡಬೇಕಾದ್ದರಿಂದ ಅಂದು ಖಾಲಿ ಹೊಟ್ಟೆಯಲ್ಲಿ ಹೋಗಬೇಕು.